ಹಸಿರಷ್ಟ ತಗೀರಿ

ಹಲ್ಲು ಕಟ್ಟೂ ಕೆಲಸ ನನ್ನದು, ಕೊಪ್ಪೀಕರ ರೋಡಿನ ಮಾಳಿಗಿ ಮ್ಯಾಲ.
ಖೋಲಿ ತುಂಬ ಪ್ಲಾಸ್ಟರು, ಮೇಣ, ಮಂದಿ ಬಾಯಿಯ ಅಚ್ಚು.
ದೇವದಾನಂ ಮಾಮಾ ಬಂದದ್ದು ಹಲ್ಲಿಗಲ್ಲ.
ಟವೆಲಿನಾಗ ಸುತ್ತಿ ತಂದಿದ್ದರು, ಬಾಣಂತಿ ಕೂಸಿನಂಗ,
ಮೊಳದುದ್ದದ ಎಂಜಿನ್ನು, ಮೀಟರ್ ಗೇಜಿಂದು,
ಮೈತುಂಬ ಕಿಟಕಿಗೆ ಹಚ್ಚೂ ಹಸಿರು.

"ಹಸಿರಷ್ಟ ತಗೀರಿ ತಂಗಿ, ಕೆಳಗಿನ ಕರೀದು ಇರಲಿ.
ಕರೀದು ಖಾಜಾಸಾಬ ಹಚ್ಚಿದ್ದು.
ಹಸಿರು ನಾನ ಹಚ್ಚೇನಿ, ಸಿಟ್ಟಿಲೆ.
ಬರೂ ರವಿವಾರ ಬರತಾನಂತ ಅವ,
ಇಪ್ಪತ್ತೆರಡು ವರ್ಷದ ಮ್ಯಾಲ."

ಯಾಕ ಸಿಟ್ಟು ಅಂತ ಕೇಳಲಿಲ್ಲ ನಾ.
ಡ್ಯೂಟಿ ಪಟ್ಟಿಯೊಳಗ ಯಾರದೋ ಹೆಸರು ಅಂತ ಶುರು ಮಾಡಿ
ಚಾ ಕುಡದು ಎದ್ದರು.

ಕಲೆ ಬಿಡಿಸೂದು ಗೊತ್ತು ನನಗ.
ಎಲಿಅಡಕಿಯ ಕೆಂಪು, ಗುಟಕಾದ ಕಂದು.
ತಿಕ್ಕೂದು ಯಾರಿಗೂ ಬರತದ,
ಹಲ್ಲಿನ ಹೊಳಪು ಹೋಗೂಕಿಂತ ಮೊದಲ
ಕೈ ನಿಲ್ಲಸೂದಕ್ಕ ಪಗಾರ.

ಆದರ ತಗಡು ಹಲ್ಲಲ್ಲ.
ಟರ್ಪೆಂಟೈನಿಗೆ ಹಸಿರು ನಗತದ, ಅಲಗಾಡೂದಿಲ್ಲ.
ಥಿನ್ನರು ಹಚ್ಚಿದರ ಎರಡೂ ಕೂಡೇ ಹೋಗತಾವು;
ಹೊಟ್ಟಿ ಕೆಳಗ, ಯಾರಿಗೂ ಕಾಣದ ಜಾಗಾದಾಗ
ಕಾಳಿನಷ್ಟು ಹಚ್ಚಿ ನೋಡಿ ತಿಳಕೊಂಡೆ.
ಕಾಸ್ಟಿಕ್ ಬ್ಯಾಡ, ಗಾಲಿ ಅಲ್ಯೂಮಿನಿಯಮ್ಮಿನವು, ತಿಂದ ಬಿಡತದ.
ಗದಗ ರೋಡಿನ ಗ್ಯಾರೇಜಿನ ಹುಡುಗ ಹೇಳಿದ:
"ಬ್ರೇಕ್ ಆಯಿಲ್ ಹಚ್ಚಿ ನೋಡ್ರೀ ಅಕ್ಕಾರ."

ಅರಳಿ ಅದ್ದಿ ಇಡೂದು. ಇಪ್ಪತ್ತು ಮಿನಿಟು.
ಹಾಲಿನ ಕೆನಿಯಂಗ ಹಸಿರು ಸುಕ್ಕಾಗತದ.
ಆಗ ಬಿದಿರಿನ ಕಡ್ಡಿಲೆ, ಉಸಿರು ಹಿಡದು,
ಒಂದು ಗೇಣು ಸುದ್ದಿ ಅಲ್ಲ, ಒಂದು ಉಗುರು, ಅಷ್ಟ ದಿನಕ್ಕ.
ಕೆಳಗ ಕರೀದು ಬಂತು, ಮಾಸಿದ್ದು, ಆದರ ಗಟ್ಟಿ.
ಚಿಮಣಿ ಬುಡದಾಗ ಕುಂಚದ ಒಂದು ಕೂದಲು
ಬಣ್ಣದಾಗ ಸಿಕ್ಕೊಂಡು ಹಂಗ ಅದ. ಬಿಟ್ಟೆ.
ಮೂರನೇ ರಾತ್ರಿ ಡ್ರೈವರ್ ಕಿಟಕಿ ಕೆಳಗ
ಹಳದಿ ಎದ್ದಿತು. ಅಂಕಿ. ಕನ್ನಡ ಅಂಕಿ.
೨೨೧೪.
ರೈಲ್ವೇದವರು ಹಂಗ ಬರಿಯೂದಿಲ್ಲ.
ನಾಕರ ಬಾಲ ಒಂದೀಟು ಉದ್ದ,
ಬರದಾಂವಗ ಬಿಡಾಕ ಮನಸ ಬಂದಿಲ್ಲ.

ಶುಕ್ರವಾರ ತಪ್ಪಿದೆ.
ದವಾಖಾನಿಯಿಂದ ಫೋನು, ನಾಳೆ ಮದುವಿ ಗಂಡಿನ ಮುಂದಿನ ಹಲ್ಲು ಮುರದದ.
ಅರಳಿ ಟೆಂಡರಿನ ಪಕ್ಕಕ್ಕ ಮರತು ಉಳೀತು, ರಾತ್ರಿಯಿಡೀ.
ಎಣ್ಣಿಗೆ ಸಿಟ್ಟಿನ ಬಣ್ಣ ಬ್ಯಾರೆ ರುಚಿ ಅಲ್ಲ.
ಮುಂಜಾನೆ ನೋಡತೇನಿ, ಹೆಬ್ಬಟ್ಟಿನಷ್ಟು ಜಾಗಾ
ಹಸಿರೂ ಇಲ್ಲ, ಕರೀದೂ ಇಲ್ಲ.
ತಗಡು.
ತಗಡಿನ ಮ್ಯಾಲ ಅರ್ಧ ಶೇಂಗಾಕಾಯಿ,
ಅದರ ಬಾಜೂಕ "ನಿವ್ವಳ ತೂ".

ಡಬ್ಬಿ ಕತ್ತರಿಸಿ ಮಾಡಿದ ಎಂಜಿನ್ನು.
ಕರೀ ಬಣ್ಣ ಕಲಸಿ ಇಟ್ಟೆ, ಸಣ್ಣ ಕುಂಚ ತೋಯಿಸಿದೆ.
ಒಂದ ಏಟಿಗೆ ಮುಚ್ಚಬಹುದಿತ್ತು,
ಹಲ್ಲಿಗೆ ಹಲ್ಲಿನ ಬಣ್ಣ ಕೂಡಸೂವಾಕಿ ನಾ.
ಕುಂಚ ಒಣಗೂತನಾ ಕುಂತೆ.

ಶನಿವಾರ ಸಂಜಿಕ ಮಾಮಾ ಬಂದರು.
ಅಂಕಿ ನೋಡಿ ಏನೂ ಅನಲಿಲ್ಲ, ಚಷ್ಮಾ ತಗದು ಒರಿಸಿದರು.
ಆಮ್ಯಾಲ ತಿರುವಿದರು. ನಾ ತಪ್ಪು ಒಪ್ಪಿಕೊಳ್ಳಾಕ ಬಾಯಿ ತಗದೆ.
ಅವರ ಬಟ್ಟು ಶೇಂಗಾಕಾಯಿ ಮ್ಯಾಲ ನಿಂತಿತ್ತು.

"ಇದು ನಮ್ಮ ಮನಿ ಡಬ್ಬಿ," ಅಂದರು.
"ಅರ್ಧ ಎಣ್ಣಿ ಇತ್ತು ಅದರಾಗ. ಕೊಡಪಾನಕ್ಕ ಸುರುವಿ ಒಯ್ದು ಕೊಟ್ಟಿದ್ದೆ ಅವಗ.
ಮೇರಿ ಎಂಟು ದಿನ ಬೈದಳು.
ಪಾಪದಾಕಿ, ಆ ಕೊಡಪಾನ ಎಷ್ಟು ತೊಳದರೂ
ನೀರಿಗೆ ಎಣ್ಣಿ ವಾಸನಿ."
ನಕ್ಕರು. ಮುಂದಿನ ಎರಡು ಹಲ್ಲು ಇಲ್ಲ ಅವರಿಗೆ,
ಅವತ್ತ ಗಮನಿಸಿದೆ.

ರೊಕ್ಕ ಎಷ್ಟು ಅಂದರು. ಬ್ರೇಕ್ ಆಯಿಲಿಂದು ತಗೊಂಡೆ.
ತೂತು ಮುಚ್ಚಲೇನ್ರಿ ಅಂದೆ.
ಟವೆಲು ಸುತ್ತಕೋತ, "ಖಾಜಾ ನೋಡಲಿ ಮೊದಲ," ಅಂದರು.

ರವಿವಾರ ನಮಗ ರಜಾ.
ಉಣಕಲ್ಲ ಕೆರಿ ದಂಡಿಗೆ ಗಿರಮಿಟ್ ತಿನ್ನಾಕ ಕುಂತಾಗ
ಕಂಡಿತು, ಎಡಗೈ ನಡುಬೆರಳಿನ ಉಗುರಿನ ಸಂದ್ಯಾಗ
ಒಂದು ಎಳಿ ಹಸಿರು.
ಕಡ್ಡಿ ಹುಡುಕಿದೆ, ಬಿಟ್ಟೆ.
ಉಗುರು ಬೆಳದಂಗ ತಾನ ಹೋಗತದ.