ಹಕ್ಕೆ ಇಳಿ

ತೌಫೀಕ್ ತಂದ ಪಿನ್ನು ಅಂಗೈಯಲ್ಲಿ ಕೂತಾಗ
ಮೊದಲು ಅನ್ನಿಸಿದ್ದು: ಹಗುರ.
ಹುಣಸೆ ಬೀಜಕ್ಕೂ ಇದಕ್ಕಿಂತ ತೂಕ.

ಹಾಸನ ಸೈಕಲ್ ಸಂಘ, ಎಪ್ಪತ್ತೊಂದನೇ ಇಸವಿ.
ನೀಲಿ ಅಂಚು, ನಡುವೆ ಬಿಳಿ ಚಕ್ರ, ಹದಿನಾರು ಕಡ್ಡಿ.
ಮಾಡಿಸಿದ್ದೇ ಅರವತ್ತು.
ಅದರಲ್ಲಿ ಹನ್ನೊಂದರ ಗತಿ ನನಗೆ ಗೊತ್ತು.
ಒಂದು ಪದ್ಮರಾಜಯ್ಯನವರ ಕೋಟಿನ ಜೊತೆ ಸುಟ್ಟುಹೋಯಿತು,
ಒಂದು ನನ್ನ ಡಬ್ಬಿಯಲ್ಲಿದೆ, ಹತ್ತಿಯ ಮೇಲೆ.

ಟೇಬಲ್ ಲೈಟು ಬಗ್ಗಿಸಿದೆ.
ಪ್ರೆಸ್ಸಿನಲ್ಲಿ ಕರಡು ನೋಡುವ ಭೂತಗನ್ನಡಿ ತಂದೆ.
ಉಗುರು ಆಡಿಸು, ಅಂದೆ ಹುಡುಗನಿಗೆ.
ಅಸಲಿಯಾದರೆ ಜಾರುತ್ತದೆ, ಕಡಪ ಕಲ್ಲಿನ ಮೇಲೆ ಜಾರಿದ ಹಾಗೆ.
ಹಿತ್ತಾಳೆ ಗೆರೆ ಎಲ್ಲಿ ಮುಗಿಯಿತು, ಬಣ್ಣ ಎಲ್ಲಿ ಶುರುವಾಯಿತು
ಬೆರಳಿಗೆ ತಿಳಿಯುವುದಿಲ್ಲ.
ಪುಡಿ ತುಂಬಿ, ಕುಲುಮೆಗಿಟ್ಟು, ಉಜ್ಜಿ,
ಮತ್ತೆ ತುಂಬಿ, ಮತ್ತೆ ಇಟ್ಟು
ಸಮ ಮಾಡಿದ ಗಾಜು ಅದು.
ಇದರಲ್ಲಿ ಬಣ್ಣ ಇಳಿದಿದೆ.
ಗೆರೆಗೆರೆಗೂ ಉಗುರು ಎಡವುತ್ತದೆ
ಸಾಲಗಾಮೆ ರಸ್ತೆಯಲ್ಲಿ ನನ್ನ ಲೂನಾ ಎಡವುವಂತೆ.

ಹಿಂದೆ ತಿರುಗಿಸು.
ಸೂಜಿ ಹೊಸದು. ಬೆಸುಗೆ, ನೆಗಡಿಯಾದ ಮಗುವಿನ ಮೂಗು.
ಅಯಸ್ಕಾಂತ ಹತ್ತಿರ ತಂದರೆ ಟಕ್ಕೆಂದು ಹಾರಿ ಅಂಟಿತು.
ಹಿತ್ತಾಳೆ ಹಾಗೆಲ್ಲ ಯಾರ ಹಿಂದೂ ಓಡುವುದಿಲ್ಲ ಕಣೋ.

ಅವನು ಕಡ್ಡಿ ಎಣಿಸಿದ. ಹದಿನೈದು.
'ಒಂದು ಮುರಿದಿರಬಹುದು ಆಂಟಿ.'

ಎಷ್ಟು ಕೊಟ್ಟೆ?
ಎಂಟುನೂರು. ಕಟ್ಟಿನಕೆರೆ ಮಾರುಕಟ್ಟೆಯ ಹಿಂದೆ
ಹಳೇ ರೇಡಿಯೊ ಮಾರುವವನಿಗೆ.
ಪಂಕ್ಚರ್ ಹಾಕಿ ಕೂಡಿಟ್ಟ ಎಂಟುನೂರು.
ಅವನಜ್ಜ ಆ ಸಂಘದ ಸೈಕಲ್ಲುಗಳಿಗೆಲ್ಲ ಗಾಳಿ ಹೊಡೆದವರು.
ಪಿನ್ನು ಮಾತ್ರ ಅವರ ಅಂಗಿಯವರೆಗೆ ಬರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಓದಿದೆ.
ಇಪ್ಪತ್ತೆಂಟು ವರ್ಷ ಲಗ್ನಪತ್ರಿಕೆಗಳ ಕಾಗುಣಿತ ತಿದ್ದಿದವಳು
ಓದುವುದನ್ನು ಕೊನೆಗಿಟ್ಟುಕೊಂಡಿದ್ದೆ!
ಹಸನ ಸೈಕಲ್ ಸಂಘ.
ಹಕ್ಕೆ ಇಳಿ ಇಲ್ಲ.
ಬಣ್ಣ ಇಳಿಯಬಾರದಿತ್ತು, ಇಳಿದಿದೆ;
ಅಕ್ಷರಕ್ಕೆ ಇಳಿ ಬೇಕಿತ್ತು, ಬಿಟ್ಟುಹೋಗಿದೆ.
ಎಲ್ಲೋ ದೂರದ ಅಚ್ಚಿನಲ್ಲಿ ಕನ್ನಡ ಬಾರದ ಒಂದು ಕೈ
ನಮ್ಮೂರನ್ನು ಹಸನು ಮಾಡಿಬಿಟ್ಟಿದೆ.

ದುಡ್ಡು ವಾಪಸ್ ಕೇಳೋಣ, ನಾನೂ ಬರುತ್ತೇನೆ, ಅಂದೆ.
ಡಬ್ಬಿ ತೆಗೆದು ಹತ್ತಿ ಬಿಡಿಸಿದೆ,
ತೋರಿಸಲಿಕ್ಕೆ, ಅಷ್ಟೇ.
ಅವನು ಉಗುರು ಆಡಿಸಿದ.
ಜಾರಿತು.
ಹೌದು ಎಂಬಂತೆ ತಲೆಯಾಡಿಸಿ ಹತ್ತಿಯ ಮೇಲೇ ಇಟ್ಟ,
ತನ್ನದನ್ನು ಜೇಬಿಗೆ ಹಾಕಿಕೊಂಡ.
'ಅಜ್ಜನ ಕಣ್ಣಿಗೆ ಈಗ ನೀಲಿ ಒಂದೇ ಕಾಣೋದು ಆಂಟಿ.'

ನನ್ನದನ್ನೇ ಕೊಡಬಹುದಿತ್ತು ಎಂದು ಹೊಳೆದಾಗ
ಅವನ ಸೈಕಲ್ ಗಂಟೆ ಪೆನ್ಷನ್ ಮೊಹಲ್ಲಾದ ತಿರುವು ದಾಟಿತ್ತು.

ಹೊಳೆದದ್ದು ಆಗಲೇ ಎಂದು ಬರೆದರೆ
ಆ ಸಾಲಿಗೂ ಕೆಂಪು ಪೆನ್ನು ಹಿಡಿಯಬೇಕಾಗುತ್ತದೆ.