ಎಲುಬಿನ ಹೊಲ

ನಾ ಸರಪಳಿ ಹಿಡದಾಂವ. ಹಿಂದಿನ ತುದಿ.
ಮೂವತ್ತಮೂರು ಫೂಟು ಕಬ್ಬಿಣ, ಹದಿನಾರು ಆಣೆ,
ಬಿಸಲಾಗ ಒಂದು ಬೆರಳು ಬೆಳೀತಿತ್ತು.
ಆ ಬೆರಳು ಯಾರ ಹೊಲಕ್ಕ ಹೋತು
ಯಾವ ದಫ್ತರದಾಗೂ ಇಲ್ಲ.

ಧಾರವಾಡದಿಂದ ಬಂಡಿಯಾಗ ಹತ್ತೊಂಬತ್ತು ದಿನ,
ಪುಣೆ ಜಿಲ್ಲಾ, ಬೋರಖಡಿ.
ನಲವತ್ತೆರಡು ಮನಿ, ಎರಡು ಭಾವಿ,
ಒಂದರಾಗ ಉಪ್ಪು.
ತಾಲೂಕು ಕಚೇರಿ ಹೊಳಿ ಆಚೆ ಇತ್ತಂತ.
ಮಳಿಗಾಲ ನಾಲ್ಕು ತಿಂಗಳು
ಖಜಾನೆ ಆ ದಂಡಿ, ಕಂದಾಯ ಈ ದಂಡಿ.
ಸಾಹೇಬ ನಕಾಶೆ ಮ್ಯಾಲೆ ಬೆರಳಿಟ್ಟ: ಇನ್ನ ಇಲ್ಲೇ.

ಬೆರಳಿನ ಬುಡಕ ಎಲ್ಲಾರ ಹೊಲಾ ಇದ್ದುವು.
ಪಾಟೀಲ ಜೋತ್ಯಾಜಿ ಅಂದ: ನಂದು ಮಿರಾಸು,
ಮುತ್ತಜ್ಜ ಕಲ್ಲು ಒಡದು ಮಾಡಿದ್ದು.
ಕುಲಕರ್ಣಿ ಅಂದ: ನಂದು ಇನಾಮು, ಸನದು ಐತಿ,
ಗೆದ್ದಲ ತಿಂದೈತಿ, ಖರೆ,
ಆದ್ರ ತಿಂದಿದ್ದು ಸನದನ್ನ.
ಪೂಜಾರಿ ಏನೂ ಅನಲಿಲ್ಲ. ಗಂಟಿ ಬಾರಿಸಿದ.

ಎಲ್ಲಾರ ಗಡಿ ಗೊತ್ತಿದ್ದಾಂವ ಒಬ್ಬನ:
ಗೋಂದನಾಕ, ಅಗಸಿ ಕಾಯಾಂವ.
ತಂಟೆ ಬಿದ್ರ ಆ ಹೊಲದ ಹೆಂಟೆ
ತಲಿ ಮ್ಯಾಲೆ ಹೊತ್ತು ಗಡಿ ನಡೀತಿದ್ದ, ಬರಿಗಾಲಿಲೆ.
ಸುಳ್ಳಿದ್ರ ಈ ಮಣ್ಣು ನನ್ನ ಮಕ್ಕಳ ಬಾಯಿಗೆ.
ಅವನ ಬೆನ್ನ ಹಿಂದ ಹನ್ನೊಂದು ದಿನ ಸರಪಳಿ ಎಳದಿವಿ.
ಅಳತಿ ಅವನ ಕಾಲಿಂದು,
ನಮ್ಮದು ಬರೇ ಸಪ್ಪಳ.

ಅವನ್ದೂ ಒಂದು ತುಂಡು ಇತ್ತು,
ಐದು ಗುಂಟೆ ಕಮ್ಮಿ ಒಂದೆಕರೆ,
ಊರ ಸತ್ತ ದನಾ ಎಳದದ್ದಕ್ಕ ಅವರಪ್ಪನ ಅಪ್ಪಗ ಕೊಟ್ಟದ್ದು.
ಹಾಡಕೀ ಅಂತಾರ ಅಲ್ಲಿ. ಎಲುಬಿನ ಹೊಲ.
ದಿಬ್ಬದ ಮ್ಯಾಲೆ. ನೆರೆ ಬರೂದಿಲ್ಲ. ತೋಡಿದ್ರ ಸೀ ನೀರು.
ಸಾಹೇಬ ಬೂಟಿನ ಹಿಮ್ಮಡಿ ಒತ್ತಿ ನೋಡಿದ:
ಯಾರದಿದು?
ಹನ್ನೊಂದು ದಿನ ಒಬ್ಬರಿಗೊಬ್ಬರು ಹೂಂ ಅನ್ನದ
ಪಾಟೀಲ, ಕುಲಕರ್ಣಿ
ಒಂದ ಉಸರಿನಾಗ ಅಂದ್ರು: ಊರಿಂದು.

ಗೋಂದನಾಕ ಬಗ್ಗಿದ.
ತನ್ನ ಹೊಲದ ಹೆಂಟೆ ತನ್ನ ತಲಿ ಮ್ಯಾಲಿಟ್ಟ.
ಯಾರೂ ಹೇಳಿದ್ದಿಲ್ಲ.
ನಾಕೂ ಮೂಲಿ ನಡದ, ಬದು ಬಿಡದ,
ಜಾಲಿ ಮುಳ್ಳಿನ ಮ್ಯಾಲೂ ಸುತ್ತಿ ಹೋಗದ.
ಇಂವ ಏನ ಮಾಡಾಕತ್ಯಾನ? ಅಂತ ಸಾಹೇಬ.
ದುಭಾಷಿ ಕೆಮ್ಮಿ ಹೇಳಿದ:
ಕಚೇರಿಗೆ ಜಾಗಾ ತೋರಸಾಕತ್ಯಾನ, ಹುಜೂರ್.

ನನಗ ಮರಾಠಿ ಅರ್ಧಾ ಬರ್ತಿತ್ತು.
ಆ ಅರ್ಧಾ ಸಾಕಾಗಿತ್ತು.
ತುದಿ ಗಟ್ಟಿ ಹಿಡಕೊಂಡು ನಿಂತೆ,
ಪಗಾರ ತಿಂಗಳಿಗೆ ಆರು ರೂಪಾಯಿ.

ಪಾಯಾ ತೋಡಿದಾಗ ಕೋಡು ಬಂದುವು,
ದವಡಿ, ಎತ್ತಿನ ಗೊರಸು.
ಗೌಂಡಿ ಸುಣ್ಣಾ ಸುರಿದ.
ಮ್ಯಾಲೆ ಮಾಮಲೇದಾರನ ಕುರ್ಚಿ, ಖಜಾನೆ, ಕೈದಿ ಖೋಲಿ.
ಸಂತಿ ಬಂತು, ಸೆರೆ ಅಂಗಡಿ ಬಂತು,
ಅರ್ಜಿ ಬರಿಯಾಂವ ಬೇವಿನ ಬುಡಕ ಕುಂತ.
ಊರು ಶಹರ ಆತು ಅಂದ್ರು.
ಗೋಂದನಾಕಗ ಹಿತ್ತಾಳಿ ಬಿಲ್ಲೆ ಕೊಟ್ರು:
ಬಾಗಿಲಿಗೆ ನಿಲ್ಲೂದು. ಪಾವಟಿಗೆ ಹತ್ತೂದಲ್ಲ.

ಮರುವರ್ಷ ಸರಪಳಿ ತಪಾಸು ಆತು.
ಒಂದು ಬೆರಳು ಹೆಚ್ಚು. ಸಾಹೇಬ ನಕ್ಕ,
ಕಮ್ಮಾರನ್ನ ಕರಿಸಿ ಕಡಿ ಬಡಿಸಿದ.
ಹೊಲಾ ಬರದಾಂಗ ಉಳದುವು.

ಆ ಹೆಂಟೆ ಅಂವ ಎಲ್ಲಿ ಇಳಿಸಿದನೋ,
ಇಳಿಸಿದನೋ ಇಲ್ಲೋ,
ನಾ ನೋಡಲಿಲ್ಲ.
ಹಿಂದಿನ ತುದಿಯಾಂವ ನಾ,
ತಲಿ ತಗ್ಗಿಸಿ ಗೂಟಾ ಕೀಳತಿದ್ದೆ.