ರಬ್ಬರಿನ ಹುಡಿ

ಬ್ಯೂನಸ್ ಐರಿಸ್. ರಿವಾದಾವಿಯಾ ಪಾರ್ಕಿನ ಬೇಲಿಗೆ ಆತುಕೊಂಡ
ಹಸಿರು ತಗಡಿನ ಗೂಡಂಗಡಿ ನನ್ನದು.
ಹಳೆಯ ಪುಸ್ತಕ ಮಾರುತ್ತೇನೆ.
ಅಡುಗೆ, ಚೆಸ್ಸು ಬೇಕಾದರೆ ಪಕ್ಕದವನ ಹತ್ತಿರ.
ಇಲ್ಲಿ ಮನಸ್ಸಿನವು ಮಾತ್ರ:
ಭಯದ ಬಗ್ಗೆ ಮೂರು ಸಂಪುಟ,
ನಿದ್ದೆಯ ಬಗ್ಗೆ ಒಂದು, ಬೆನ್ನು ಹರಿದದ್ದು.

ಮಾರುವ ಮುಂಚೆ ಒರೆಸಬೇಕು.
ಓದಿದವರು ಅಂಚಿನಲ್ಲಿ ಪೆನ್ಸಿಲು ಆಡಿಸಿರುತ್ತಾರೆ:
“ಥೇಟು ನನ್ನ ಅಣ್ಣ.”
“ಪರೀಕ್ಷೆಗೆ ಬರುತ್ತೆ.”
“ಹೌದು ಹೌದು ಹೌದು.”
ತಾಯಿಯ ಅಧ್ಯಾಯದ ಪಕ್ಕ ಒಬ್ಬಳದು ಬರೀ ಸಾಮಾನಿನ ಪಟ್ಟಿ:
ಈರುಳ್ಳಿ, ಬೆಂಕಿಪೊಟ್ಟಣ, ಕರುವಿನ ಮೂಳೆ.
ಮಡಿಲ ತುಂಬ ಕಪ್ಪು ಹುಡಿ. ಸಂಜೆ ಕೊಡವಿದರೆ
ಪಾರಿವಾಳಗಳು ಕಾಳೆಂದು ಬಂದು, ಕುಕ್ಕಿ, ಬಿಟ್ಟುಹೋಗುತ್ತವೆ.
ಮನಸ್ಸು ಓದಿದವಳು ಅಂತ ಯಾರಾದರೂ ಅಂದರೆ ನಗು ಬರುತ್ತದೆ.
ನಾನು ಓದಿದ್ದೆಲ್ಲ ಅಂಚು.

ನಿನ್ನೆ ಉಲಿಸೆಸ್ ಬಂದಿದ್ದ, ನೂರೈದನೇ ನಂಬರ್ ಬಸ್ಸಿನ ಡ್ರೈವರು.
ಗುರುವಾರ ಗುರುವಾರ ಐದು ಗಂಟೆಗೆ
ಡಾಕ್ಟರಮ್ಮನ ಮುಂದೆ ಕೂತು ಮಾತಾಡುತ್ತಾನೆ.
“ಮತ್ತೆ ಪುಸ್ತಕ ಯಾಕಯ್ಯ?” ಅಂದೆ.
“ಅವರು ಮುಂದೇನು ಕೇಳ್ತಾರೆ ಅಂತ ಮೊದಲೇ ಗೊತ್ತಿದ್ದರೆ
ತಪ್ಪಿಸಿಕೊಳ್ಳಬಹುದಲ್ಲ.”

ನಿದ್ದೆಯದನ್ನು ತೆಗೆದ. ನೂರ ಹನ್ನೆರಡನೇ ಪುಟ.
ಅಗಲಿಕೆಯ ನಂತರ ಕೆಲವೇ ವಾರಗಳಲ್ಲಿ ನಿದ್ದೆ ಮರಳುತ್ತದೆ
ಎಂಬ ಸಾಲಿನ ಕೆಳಗೆ ಯಾರೋ ಒತ್ತಿ ಬರೆದಿದ್ದರು: “ಸುಳ್ಳು.”
ಒರೆಸಿದ್ದೆ. ಸೀಸ ಹೋಗಿತ್ತು,
ತಗ್ಗು ಉಳಿದಿತ್ತು.
ಅವನು ಅದರ ಮೇಲೆ ಬೆರಳಾಡಿಸಿದ,
ಕುರುಡರು ಓದುವ ಹಾಗೆ,
ಎರಡು ಸಲ.

ಚೌಕಾಸಿ ಮಾಡಲಿಲ್ಲ. ಚಿಲ್ಲರೆಯನ್ನೂ ಎಣಿಸದೆ ಕೇಳಿದ:
“ನೆಲಿದಾ, ಪೆನ್ಸಿಲ್ ಇದೆಯಾ?”
ನನ್ನ ಹತ್ತಿರ ಇರುವುದು ರಬ್ಬರು ಮಾತ್ರ.